ಬರುವ ವರ್ಷದ ಕುದುರೆ

ಕೊಪ್ಪದಲ್ಲಿ ಕಾವೇರಿ ಸೇತುವೆಗೆ ತುಸು ಮುಂಚೆ, ಮೈಸೂರು–ಮಡಿಕೇರಿ ರಸ್ತೆಯ ಮಗ್ಗುಲಿಗೆ ಒಂದು ಟೀ ಅಂಗಡಿಯಿದೆ. ಸಂಜೆ ಹೊತ್ತು ಅಲ್ಲಿನ ಬೆಂಚು ನನ್ನದು. ಸೇತುವೆ ದಾಟಿದರೆ ಕುಶಾಲನಗರ, ಕೊಡಗು. ಈಚೆಗೆ ನಮ್ಮ ಪಿರಿಯಾಪಟ್ಟಣ ತಾಲ್ಲೂಕು. ಐಪಿಎಲ್ ಶುರುವಾಯಿತೆಂದರೆ ಆ ಬೆಂಚಿನ ಮೇಲೆ ಕೂರುವುದೇ ಕಷ್ಟ. ಹುಡುಗರು ಒಂದು ಫೋನಿನ ಸುತ್ತ ತಲೆ ಸೇರಿಸಿಕೊಂಡು ಒಂದೊಂದು ಬಾಲಿಗೂ ಪಂದ್ಯ ಕಟ್ಟುತ್ತಾರೆ. "ಈ ಬಾಲು ಫೋರು." "ಇಲ್ಲ ಕಣ್ಲಾ, ಡಾಟು." ಬೌಲರು ಓಡಿ ಬಂದು ಕೈ ಬೀಸುವುದರೊಳಗೆ ಯಾರದೋ ಐವತ್ತು ರೂಪಾಯಿ ಇನ್ಯಾರದೋ ಜೇಬು ಸೇರಿರುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾಯ್ದೆ ಮಾಡಿ ನಿಷೇಧಿಸಿತು. ನಮ್ಮ ಬೆಂಚಿನಲ್ಲಿ ಅದು ಬಾಯಿಮಾತಿನ ಪಂದ್ಯವಾಗಿ ಮುಂದುವರಿದಿದೆ. ದುಡ್ಡು ಹಾಳಾಗುವುದನ್ನು ಕಂಡು ಸಂಕಟವಾಗುತ್ತದೆ, ನಿಜ. ಆದರೆ ನನ್ನನ್ನು ಇನ್ನೂ ಆಳದಲ್ಲಿ ಚುಚ್ಚುವುದು ಬೇರೆಯೇ. ಇಪ್ಪತ್ತರ ಹರೆಯದ ಹುಡುಗನ ಆಸೆಗೆ ಹತ್ತು ಸೆಕೆಂಡಿನ ಆಯುಷ್ಯ! ಕಟ್ಟಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ರಾತ್ರಿ ನಿದ್ದೆ ಮಾಡುವುದಕ್ಕೂ ಅದರಲ್ಲಿ ಎಡೆಯಿಲ್ಲ.

ನನಗೆ ಗೌರವವಿರುವುದು ದೂರದ ಪಂದ್ಯದ ಮೇಲೆ. ಇಂಗ್ಲೆಂಡ್, ಐರ್ಲೆಂಡ್ ಕಡೆ ಬೇಲಿ ಹಾರುವ ಕುದುರೆಗಳ ರೇಸು ನಡೆಯುತ್ತದೆ. ನಮ್ಮ ಮೈಸೂರು, ಬೆಂಗಳೂರಿನ ಕುದುರೆಗಳು ಸಪಾಟು ಹುಲ್ಲಿನ ಮೇಲೆ ಓಡುತ್ತವೆ. ಅಲ್ಲಿಯವು ಮೈಲಿಗಟ್ಟಲೆ ಓಡುತ್ತ, ಎದೆಯೆತ್ತರದ ಬೇಲಿಗಳನ್ನು ಒಂದಾದ ಮೇಲೊಂದು ಹಾರಬೇಕು. ಆ ಋತುವಿನ ದೊಡ್ಡ ದಿನಗಳು ಎರಡು: ಮಾರ್ಚಿನಲ್ಲಿ ಚೆಲ್ಟೆನ್‌ಹ್ಯಾಮಿನ ಗೋಲ್ಡ್ ಕಪ್, ಏಪ್ರಿಲ್‌ನಲ್ಲಿ ಲಿವರ್‌ಪೂಲಿನ ಏಂಟ್ರಿ ಮೈದಾನದ ಗ್ರ್ಯಾಂಡ್ ನ್ಯಾಷನಲ್. ಈ ಎರಡಕ್ಕೂ ಹಣ ಕಟ್ಟುವವರು ರೇಸಿನ ಬೆಳಿಗ್ಗೆಯವರೆಗೆ ಕಾಯುವುದಿಲ್ಲ. ಈ ವರ್ಷದ ರೇಸು ಮುಗಿಯುತ್ತಿದ್ದ ಹಾಗೆ ಬುಕ್ಕಿಗಳು ಬರುವ ವರ್ಷದ ರೇಸಿಗೆ ದರ ಬರೆದಿರುತ್ತಾರೆ. ಇದಕ್ಕೆ ಆ್ಯಂಟಿ ಪೋಸ್ಟ್ ಅನ್ನುತ್ತಾರೆ. ಕಟ್ಟಿದ ದಿನದ ದರವೇ ಕೊನೆಯ ದಿನದ ದರ. ನಡುವೆ ನಿಮ್ಮ ಕುದುರೆ ಪ್ರಸಿದ್ಧವಾಗಿ ಎಲ್ಲರೂ ಅದರ ಹಿಂದೆ ಬಿದ್ದರೂ ನಿಮ್ಮ ಹಳೆಯ ದರವನ್ನು ಯಾರೂ ಕೀಳುವಂತಿಲ್ಲ. ಅದಕ್ಕೆ ಪ್ರತಿಯಾಗಿ ಒಂದು ಕಠಿಣ ನಿಯಮವಿದೆ. ಕಾಲುನೋವು ಬಂತು, ಕೆಮ್ಮು ಬಂತು, ಮಾಲೀಕ ಮನಸ್ಸು ಬದಲಿಸಿದ, ಏನೇ ಆಗಲಿ, ಕುದುರೆ ಆ ದಿನ ಮೈದಾನಕ್ಕೆ ಬರದಿದ್ದರೆ ಕಟ್ಟಿದ್ದು ಹೋಯಿತು. ಸೋಲುವುದಕ್ಕೆ ಓಡಲೂ ಬೇಕಾಗಿಲ್ಲ.

ನಾನು ಇಂಥದಕ್ಕೆ ಕಾಸು ಕಟ್ಟಿದವನಲ್ಲ. ಇದರ ಪರಿಚಯವಾದದ್ದು ಪಠ್ಯಪುಸ್ತಕದ ರಟ್ಟಿನಿಂದ. ಸೋದರಮಾವ ಕೊಡಗಿನ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದರು. ಬಂಗಲೆಗೆ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆಗಳು ಹಳತಾದ ಮೇಲೆ ಕಟ್ಟಾಗಿ ನಮ್ಮ ಮನೆಗೆ ಬರುತ್ತಿದ್ದವು. ಜೂನ್ ತಿಂಗಳಲ್ಲಿ ಅಮ್ಮ ನಮ್ಮ ಪುಸ್ತಕಗಳಿಗೆಲ್ಲ ಅದೇ ಹಾಳೆಗಳ ಹೊದಿಕೆ ಹಾಕಿ, ಅನ್ನದ ಅಗುಳಿನಿಂದ ಅಂಟಿಸುತ್ತಿದ್ದಳು. ಹೀಗಾಗಿ ಒಂದು ವರ್ಷ ನನ್ನ ಸಮಾಜ ಪುಸ್ತಕದ ಮೇಲೆ, ದಟ್ಟ ಬೇಲಿಯೊಂದರ ಮೇಲುಗಡೆ ಮುಂಗಾಲು ಮಡಚಿ ತೇಲುತ್ತಿರುವ ಕುದುರೆಯೊಂದು ಬಂತು. ಮೂಗಿನ ಮೇಲೆ ಕುರಿತುಪ್ಪಟದ ದಪ್ಪ ಪಟ್ಟಿ. ಕೆಳಗೆ ಹೆಸರು: ರೆಡ್ ರಮ್. ವರ್ಷವಿಡೀ ಅದರ ಮುಖ ನೋಡಿದೆ. ಮೌರ್ಯರು, ಗುಪ್ತರು, ಪಂಚವಾರ್ಷಿಕ ಯೋಜನೆಗಳು ಎಲ್ಲವೂ ನನಗೆ ಆ ಕುದುರೆಯ ಒಳಗಡೆ ಸಿಕ್ಕವು.

ಆಮೇಲೆ ಓದಿ ತಿಳಿದ ಅದರ ಕಥೆ ಇವತ್ತಿಗೂ ನನ್ನನ್ನು ಕದಲಿಸುತ್ತದೆ. 1965ರಲ್ಲಿ ಹುಟ್ಟಿದ್ದು. ಗಿಡ್ಡ ಓಟಕ್ಕೆಂದು ಸಾಕಿದ ಮರಿ. 1967ರಲ್ಲಿ ಅದೇ ಏಂಟ್ರಿಯಲ್ಲಿ ಎರಡು ವರ್ಷದ ಮರಿಗಳ ಸಪಾಟು ಓಟದಲ್ಲಿ ಇನ್ನೊಂದರ ಜೊತೆ ಸಮಸಮ ಗೆದ್ದಿತು. ಅದರ ಮಾರನೆಯ ದಿನವೇ ಆ ವರ್ಷದ ಗ್ರ್ಯಾಂಡ್ ನ್ಯಾಷನಲ್. ಒಂದು ಬೇಲಿಯ ಬುಡದಲ್ಲಿ ಇಡೀ ಹಿಂಡು ಒಂದರ ಮೇಲೊಂದು ಬಿದ್ದು ನಿಂತುಹೋಗಿ, ಬಹಳ ಹಿಂದೆ ಬರುತ್ತಿದ್ದ ಫಾಯ್ನಾವನ್ ಎಂಬ ಒಂದಕ್ಕೆ ನೂರರ ದರದ ಕುದುರೆ ಸಂದಿಯಲ್ಲಿ ನುಸುಳಿ ಗೆದ್ದುಬಿಟ್ಟಿತು. ಯಾರೂ ಆ ದಿನ ಹಿಂದಿನ ದಿನದ ಮರಿಯನ್ನು ನೆನೆದಿರಲಾರರು. ಮರಿ ಕೈಯಿಂದ ಕೈಗೆ ಹೋಯಿತು. ಕಾಲಿನ ಗೊರಸಿನೊಳಗೆ ಮೂಳೆಯ ಬೇನೆ ಬಂತು. 1972ರಲ್ಲಿ ಜಿಂಜರ್ ಮೆಕೇನ್ ಎಂಬಾತ, ಎಂಬತ್ತು ದಾಟಿದ ನೋಯಲ್ ಲ ಮೇರ್ ಎಂಬ ಮುದುಕರಿಗಾಗಿ ಅದನ್ನು 6,000 ಗಿನಿಗೆ ಕೊಂಡ. ಮೆಕೇನ್ ದೊಡ್ಡ ತರಬೇತುದಾರನೇನಲ್ಲ; ಸೌತ್‌ಪೋರ್ಟಿನಲ್ಲಿ ಕಾರು ಮಾರುತ್ತಿದ್ದವನು. ಅಂಗಡಿಯ ಹಿಂದೆ ಲಾಯ. ಹುಲ್ಲುಗಾವಲಿರಲಿಲ್ಲ, ಆದ್ದರಿಂದ ಕಡಲತೀರದ ಮರಳಿನ ಮೇಲೆ ಓಡಿಸಿದ. ಉಪ್ಪುನೀರಿನಲ್ಲಿ ನಡೆದೂ ನಡೆದೂ ಕಾಲುನೋವು ಇಳಿಯಿತು. 1973ರಲ್ಲಿ ಗ್ರ್ಯಾಂಡ್ ನ್ಯಾಷನಲ್ ಗೆದ್ದಿತು. 1974ರಲ್ಲಿ ಮತ್ತೆ ಗೆದ್ದಿತು. 1975, 1976ರಲ್ಲಿ ಎರಡನೆಯದಾಗಿ ಬಂತು. ಇನ್ನು ಮುಗಿಯಿತು ಅಂದರು ಎಲ್ಲರೂ. 1977ರಲ್ಲಿ, ಹನ್ನೆರಡನೇ ವಯಸ್ಸಿನಲ್ಲಿ, ಮೂರನೆಯ ಸಲ ಗೆದ್ದಿತು. ಆ ಮುಪ್ಪಿನ ಕುದುರೆಗೆ 1976ರ ಬೇಸಿಗೆಯಲ್ಲೇ ಹಣ ಕಟ್ಟಿ, ಮಳೆಗಾಲ ಚಳಿಗಾಲವೆಲ್ಲ ಊರವರ ಮಾತು ಕೇಳಿಸಿಕೊಂಡು ಕೂತವರು ಯಾರಾದರೂ ಇದ್ದಿರಬೇಕು. ಅವರ ಪರಿಚಯವಾಗಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ದೂರದ ಪಂದ್ಯ ಇಷ್ಟು ಗಟ್ಟಿಯಾಗಿ ಬೇರೂರಿದ್ದು ಹಾರುವ ಕುದುರೆಗಳ ಲೋಕದಲ್ಲೇ ಯಾಕೆ? ನನಗೆ ತೋಚುವ ಕಾರಣ ವಯಸ್ಸು. ಸಪಾಟಿನ ಮೇಲೆ ಓಡುವ ಡರ್ಬಿ ಕುದುರೆಯ ಜನ್ಮ ಚಿಕ್ಕದು. ಎರಡು ವರ್ಷಕ್ಕೆ ಮೈದಾನ, ಮೂರು ನಾಲ್ಕಕ್ಕೆ ಕೀರ್ತಿ, ಆಮೇಲೆ ಗೆದ್ದದ್ದಕ್ಕೆ ಬೀಜದ ಮನೆ. ಹಾರುವ ಕುದುರೆ ಮಾಗುವುದು ನಿಧಾನ. ನಾಲ್ಕಕ್ಕೆ ಸಣ್ಣ ಬೇಲಿ, ಐದಾರಕ್ಕೆ ದೊಡ್ಡ ಬೇಲಿ, ಎಂಟರಿಂದ ಹತ್ತರೊಳಗೆ ಪೂರ್ಣ ಬಲ. ಏಳು ತುಂಬದ ಕುದುರೆಗೆ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಪ್ರವೇಶವೇ ಇಲ್ಲ. ಹೀಗೆ ಒಂದೇ ಹೆಸರು ವರ್ಷ ವರ್ಷ ಮರಳಿ ಬರುತ್ತದೆ. ಹೋದ ಸಲ ಬಿದ್ದದ್ದು ಈ ಸಲ ಎದ್ದು ಬರುತ್ತದೆ. ಅದನ್ನು ಹಿಂಬಾಲಿಸುವವನಿಗೆ ಅದರ ಸ್ವಭಾವ, ಅದಕ್ಕೆ ಇಷ್ಟವಾಗುವ ನೆಲ, ಕೆಸರಾದರೆ ಏನು ಮಾಡುತ್ತದೆ, ಬೇಲಿಗೆ ಎಡಗಾಲು ಹಾಕುತ್ತದೋ ಬಲಗಾಲೋ, ಎಲ್ಲವೂ ಮನೆಯ ಪ್ರಾಣಿಯದ್ದರಷ್ಟೇ ಪರಿಚಯವಾಗುತ್ತದೆ.

ಇಂಥ ಕಣ್ಣಿದ್ದವರು ನಮ್ಮ ದೊಡ್ಡಪ್ಪ. ಹೊಗೆಸೊಪ್ಪಿನ ಬೇಸಾಯಗಾರರು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಯಲ್ಲಿ ವರ್ಷದ ಲೆಕ್ಕ ನಡೆಯುವುದೇ ಹೊಗೆಸೊಪ್ಪಿನಿಂದ. ಬೇಸಿಗೆಯಲ್ಲಿ ಮಡಿಗೆ ಬೀಜ, ಮುಂಗಾರಿನ ಮೊದಲ ಹದಕ್ಕೆ ನಾಟಿ, ಆಷಾಢ ಶ್ರಾವಣದ ಜಡಿಮಳೆಯಲ್ಲಿ ಬ್ಯಾರನ್ನಿಗೆ ಬೆಂಕಿ. ಎಲೆ ಮುರಿದು ತಂದು, ಕೋಲಿಗೆ ಕಟ್ಟಿ, ಬ್ಯಾರನ್ನಿನೊಳಗೆ ಅಟ್ಟ ಅಟ್ಟವಾಗಿ ತೂಗುಹಾಕಿದರೆ ಐದಾರು ದಿನ ಹಗಲಿರುಳು ಕಾವಲು. ಫ್ಯಾರನ್‌ಹೀಟ್ ಲೆಕ್ಕದಲ್ಲಿ ಕಾವು 100 ಡಿಗ್ರಿಯ ಆಸುಪಾಸಿನಿಂದ ಮೆಲ್ಲಗೆ ಏರಬೇಕು. ಕೊನೆಗೆ ನಡುನರ ಒಣಗುವಾಗ 160ರ ಹತ್ತಿರ ನಿಲ್ಲಬೇಕು. ಅವಸರಪಟ್ಟರೆ ಎಲೆ ಹಸಿರಾಗಿಯೇ ಒಣಗುತ್ತದೆ. ಮೈಮರೆತರೆ ಕಪ್ಪಾಗುತ್ತದೆ. ಆ ಕಾವಲಿನ ರಾತ್ರಿಗಳಲ್ಲಿ ದೊಡ್ಡಪ್ಪನ ಜೊತೆ ಕೂರುವುದೆಂದರೆ ನನಗೆ ಹಬ್ಬ. ಹೊರಗೆ ಸೋನೆ ಮಳೆ, ಒಲೆಬಾಯಿಯಲ್ಲಿ ಹುಣಸೆ ಕೊರಡು, ಬೂದಿಯಲ್ಲಿ ಗೆಣಸು. ಅವರು ಮೈಸೂರಿನಿಂದ ತರಿಸಿಕೊಂಡ ರೇಸ್ ಬುಕ್ಕನ್ನು ಬೆಂಕಿಯ ಬೆಳಕಿಗೆ ಹಿಡಿದು ಕುದುರೆಗಳ ತಾಯಿ ಯಾರು, ತಂದೆ ಯಾರು ಎಂದು ಓದಿ ಹೇಳುತ್ತಿದ್ದರು. ಗಳಿಗೆಗೊಮ್ಮೆ ಎದ್ದು, ಕಿಂಡಿಯಲ್ಲಿ ಥರ್ಮಾಮೀಟರ್ ನೋಡಿ ಬಂದು, ನಿಲ್ಲಿಸಿದ ಕಡೆಯಿಂದಲೇ ವಂಶಾವಳಿ ಮುಂದುವರಿಸುತ್ತಿದ್ದರು.

ಮೈಸೂರು ರೇಸ್ ಕ್ಲಬ್ 1891ರದು. ಚಾಮುಂಡಿ ಬೆಟ್ಟದ ಬುಡದಲ್ಲಿರುವ ಆ ಮೈದಾನದಷ್ಟು ಚೆಂದದ ರೇಸು ಮೈದಾನ ದೇಶದಲ್ಲಿ ಇನ್ನೊಂದಿಲ್ಲ ಎಂಬುದು ದೊಡ್ಡಪ್ಪನ ವಾದ, ನನ್ನದೂ ಅದೇ. ಮೈಸೂರು ಡರ್ಬಿ ನಡೆಯುವುದು ದಸರೆಯ ಆಸುಪಾಸಿನಲ್ಲಿ, ಅಕ್ಟೋಬರಿನಲ್ಲಿ. ನಮ್ಮ ಸೀಮೆಯಲ್ಲಿ ಹೊಗೆಸೊಪ್ಪಿನ ದುಡ್ಡು ಕೈಗೆ ಹತ್ತುವುದೂ ಅದೇ ದಿನಗಳಲ್ಲಿ. 1984ರಲ್ಲಿ ಟೊಬ್ಯಾಕೊ ಬೋರ್ಡಿನ ಹರಾಜು ಕಟ್ಟೆಗಳು ಬಂದ ಮೇಲಂತೂ ಬೇಲ್ ಹಾಕಿದವನ ಜೇಬು ಬೆಚ್ಚಗಿರುವ ಹೊತ್ತಿಗೆ ಸರಿಯಾಗಿ ಬೆಟ್ಟದ ಬುಡದಲ್ಲಿ ಗಂಟೆ ಬಾರಿಸುತ್ತದೆ. ಹೀಗೆ ಬಾರಿಸಿದ ಗಂಟೆಗೆ ಓಡಿಹೋಗಿ ವರ್ಷದ ಬೆವರನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ ಕಳೆದುಕೊಂಡವರನ್ನು ನಾನು ಬಲ್ಲೆ. ಕುದುರೆ ಬಾಲಕ್ಕೆ ಕಟ್ಟಿದರು ಎಂದು ಊರು ಒಂದೇ ಮಾತಿನಲ್ಲಿ ಮುಗಿಸುತ್ತದೆ. ಆ ಮನೆಯ ಹೆಣ್ಣುಮಕ್ಕಳಿಗೆ ಅದು ಒಂದು ಮಾತಿನಲ್ಲಿ ಮುಗಿಯುವುದಿಲ್ಲ. ಕೊಟ್ಟಿಗೆಯ ದನ ಮಾರಿ, ಕೈಬಳೆ ಮಾರಿ, ಮರುವರ್ಷದ ಗೊಬ್ಬರಕ್ಕೆ ಸಾಲ ಎತ್ತಿ, ಆ ಸಾಲದ ಬಡ್ಡಿ ಕಟ್ಟುತ್ತಾ ಹೋಗುವ ವರ್ಷಗಳಿವೆಯಲ್ಲ, ಅವುಗಳ ಲೆಕ್ಕ ಯಾವ ರೇಸ್ ಬುಕ್ಕಿನಲ್ಲೂ ಅಚ್ಚಾಗುವುದಿಲ್ಲ.

ದೊಡ್ಡಪ್ಪನ ಕ್ರಮ ಬೇರೆ. ಡರ್ಬಿ ಮುಗಿದ ವಾರದಲ್ಲೇ, ಬರುವ ವರ್ಷದ ಡರ್ಬಿಗೆ ಬರಬಹುದಾದ ಒಂದು ಮರಿಯ ಹೆಸರನ್ನು ಆರಿಸಿ ತಮ್ಮ ಇಬ್ಬರು ಗೆಳೆಯರ ಎದುರು ಹೇಳಿಬಿಡುತ್ತಿದ್ದರು. ಅವರೂ ತಲಾ ಒಂದು ಹೇಳಬೇಕು. ಹೇಳಿದ ಮೇಲೆ ಬದಲಾಯಿಸುವ ಹಾಗಿಲ್ಲ. ಪಣ ಇಷ್ಟೇ: ಸೋತವರು ಗೆದ್ದವರಿಗೆ ನಜರಬಾದಿನ ಮೈಲಾರಿಯಲ್ಲಿ ದೋಸೆ ಕೊಡಿಸಬೇಕು. ಆರಿಸಿದ ಕುದುರೆ ಓಟಕ್ಕೇ ಬರದಿದ್ದರೂ ಸೋತಂತೆಯೇ. ಲಿವರ್‌ಪೂಲಿನ ಬುಕ್ಕಿಗಳ ಕಾನೂನೇ ಇದು ಎಂದು ಅವರಿಗೆ ಗೊತ್ತಿರಲಿಲ್ಲ. ನ್ಯಾಯವೆಂದು ತೋರಿದ್ದನ್ನು ಮಾಡಿಕೊಂಡಿದ್ದರು. ಆ ದೋಸೆಯ ಬೆಲೆ ಎಷ್ಟಿದ್ದೀತು? ಆದರೂ ಅದಕ್ಕಾಗಿ ವರ್ಷವಿಡೀ ಬೆಂಗಳೂರಿನ ಬೇಸಿಗೆ ರೇಸಿನ ಫಲಿತಾಂಶ, ಊಟಿಯ ಫಲಿತಾಂಶ ಹುಡುಕಿ ಓದುತ್ತಿದ್ದರು. ಒಂದು ವರ್ಷ ಅವರ ಕುದುರೆ ಬೆಳಗಿನ ಓಟದಲ್ಲಿ ಕಾಲು ತಿರುಚಿಕೊಂಡು ನಿಂತುಹೋಯಿತು. ದೋಸೆ ಕೊಡಿಸಿ ಬಂದವರು, ಅದಾಗಿ ಬಹಳ ದಿನದವರೆಗೆ ಮೈಸೂರಿಗೆ ಹೋದಾಗಲೆಲ್ಲ ಲಾಯದ ಹುಡುಗರನ್ನು ಹುಡುಕಿ ಆ ಕುದುರೆ ಹೇಗಿದೆ, ಎಲ್ಲಿಗೆ ಕಳಿಸಿದರು ಎಂದು ವಿಚಾರಿಸುತ್ತಿದ್ದರು. ಒಂದು ವರ್ಷ ಮನಸ್ಸಿನಲ್ಲಿ ಸಾಕಿದ ಪ್ರಾಣಿ, ಸೋತ ಕೂಡಲೇ ಅನ್ಯವಾಗಿಬಿಡುತ್ತದೆಯೇ?

ಮಾಲೀಕರದ್ದು ಇದಕ್ಕಿಂತಲೂ ದೂರದ ಪಂದ್ಯ. ಕುಣಿಗಲ್ಲಿನಲ್ಲಿ ಟಿಪ್ಪು ಸುಲ್ತಾನ್ ತನ್ನ ಕುದುರೆಪಡೆಗಾಗಿ ಮಾಡಿಸಿದ ಕುದುರೆ ಸಾಕಣೆ ಕೇಂದ್ರವಿದೆ. ಬ್ರಿಟಿಷರ ಸೈನ್ಯದ ಕೈ ದಾಟಿ, ಸರ್ಕಾರದ ಕೈ ಸೇರಿ, 1992ರಲ್ಲಿ ಖಾಸಗಿ ಗುತ್ತಿಗೆಗೆ ಹೋಯಿತು. ತಾಯಿಯ ಪಕ್ಕದಲ್ಲಿ ಕಾಲು ನಡುಗಿಸುತ್ತ ನಿಂತ ಮರಿಯನ್ನು ನೋಡಿ ಇದು ಡರ್ಬಿ ಗೆಲ್ಲುತ್ತದೆ ಎಂದು ಲಕ್ಷಗಟ್ಟಲೆ ಕೊಡುವವರಿದ್ದಾರೆ. ಬೆನ್ನ ಮೇಲೆ ಜೀನು ಬೀಳುವುದಕ್ಕೆ ಇನ್ನೂ ಎಷ್ಟು ಕಾಲ! ಮನುಷ್ಯನ ಈ ದೂರದ ನೆಚ್ಚಿಕೆಗೆ ಕುದುರೆಯೇ ಬೇಕೆಂದೂ ಇಲ್ಲ. 1964ರಲ್ಲಿ ಡೇವಿಡ್ ಥ್ರೆಲ್‌ಫಾಲ್ ಎಂಬ ಇಂಗ್ಲಿಷ್ ಯುವಕನೊಬ್ಬ, 1971 ಹುಟ್ಟುವುದರೊಳಗೆ ಮನುಷ್ಯ ಚಂದ್ರನ ಮೇಲೆ ನಡೆಯುತ್ತಾನೆ ಎಂದು 10 ಪೌಂಡು ಕಟ್ಟಿದ. ಒಂದಕ್ಕೆ ಸಾವಿರದ ದರ. 1969ರ ಜುಲೈನಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಕಾಲೂರಿದಾಗ ಅವನಿಗೆ 10,000 ಪೌಂಡು ಬಂತು. ನನಗೆ ಹೊಟ್ಟೆಕಿಚ್ಚಿರುವುದು ಆ ಹಣದ ಮೇಲಲ್ಲ, ನಡುವಿನ ಐದು ವರ್ಷಗಳ ಮೇಲೆ. ಆ ಐದು ವರ್ಷ ಹುಣ್ಣಿಮೆ ಬಂದಾಗಲೆಲ್ಲ ಅವನು ಆಕಾಶವನ್ನು ನೋಡಿದ ಬಗೆಯೇ ಬೇರೆ ಇದ್ದಿರಬೇಕು.

ಬೇಸಾಯವೂ ಒಂದು ಜೂಜೇ ಎಂದು ಇಲ್ಲಿ ಯಾರಾದರೂ ಸೇರಿಸುತ್ತಾರೆ. ಭಾಷಣಗಳಲ್ಲಿ ಈ ಮಾತನ್ನು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಮಳೆ ನಮ್ಮ ಕೈಯಲ್ಲಿಲ್ಲ, ಹರಾಜಿನ ಬೆಲೆ ನಮ್ಮ ಕೈಯಲ್ಲಿಲ್ಲ, ಒಪ್ಪಿದೆ. ಆದರೆ ಲಿವರ್‌ಪೂಲಿನಲ್ಲಿ ಹಣ ಕಟ್ಟಿದವನು ಬೇಲಿ ಹಾರುವ ಕುದುರೆಗೆ ಒಂದು ಹಿಡಿ ಹುಲ್ಲು ಹಾಕಬೇಕಾಗಿಲ್ಲ. ನಮ್ಮವನು ಒಂದೊಂದು ಸಸಿಯ ಬುಡಕ್ಕೂ ಬಗ್ಗಿದ್ದಾನೆ. ಕುಡಿ ಮುರಿದಿದ್ದಾನೆ, ಕಂಕುಳ ಚಿಗುರು ಕಿತ್ತಿದ್ದಾನೆ, ಎಲೆಯ ಅಂಟಿನಲ್ಲಿ ಕೈ ಕಪ್ಪಾಗಿಸಿಕೊಂಡಿದ್ದಾನೆ. ಕೊನೆಗೆ ಹರಾಜು ಕಟ್ಟೆಯ ಮೇಲೆ ಅವನ ಬೇಲ್‌ಗೆ ಕೊಳ್ಳುವವರು ಕಡಿಮೆ ಕೂಗಿದರೆ ಅದನ್ನು ಜೂಜಿನ ಸೋಲು ಎಂದು ಕರೆಯುವುದು ಅವನಿಗೆ ಮಾಡುವ ಅನ್ಯಾಯ. ಕುದುರೆ ರೇಸಿನ ವಿಷಯದಲ್ಲೇ ಸುಪ್ರೀಂ ಕೋರ್ಟು 1996ರ ಜನವರಿಯಲ್ಲಿ, ಮದರಾಸಿನಿಂದ ಹೋಗಿದ್ದ ಒಂದು ಮೊಕದ್ದಮೆಯಲ್ಲಿ, ಇದರಲ್ಲಿ ಅದೃಷ್ಟಕ್ಕಿಂತ ಕೌಶಲದ ಪಾಲೇ ಹೆಚ್ಚು ಎಂದು ತೀರ್ಪು ಕೊಟ್ಟಿತು. ಕುದುರೆಯನ್ನು ಅಳೆಯುವ ಕಣ್ಣಿಗೆ ನ್ಯಾಯಾಲಯವೇ ಇಷ್ಟು ಮರ್ಯಾದೆ ಕೊಟ್ಟಿರುವಾಗ, ಮಣ್ಣನ್ನೂ ಎಲೆಯನ್ನೂ ಅಳೆಯುವ ಕೈಗೆ ನಾವು ಜೂಜುಕೋರನ ಹೆಸರಿಡಬಾರದು.

ಹುಲ್ಲು ಹಾಕಿ ಸಾಕುವ ದೂರದ ಪಂದ್ಯವೊಂದು ನಮ್ಮಲ್ಲೇ ಇದೆ. ಚುಂಚನಕಟ್ಟೆಯ ದನಗಳ ಜಾತ್ರೆ ಸಂಕ್ರಾಂತಿಯ ಹೊತ್ತಿಗೆ ಸೇರುತ್ತದೆ. ಕಾವೇರಿ ಧುಮುಕುವ ಸದ್ದು, ಕೋದಂಡರಾಮನ ಗುಡಿ, ಬಯಲ ತುಂಬ ಹಳ್ಳಿಕಾರ್ ಎತ್ತುಗಳು. ಬಾಯಿಗೂಡಿದ ಜೋಡಿಗಳ ಸುತ್ತ ಜನವೋ ಜನ. ನನ್ನ ಕಾಲು ಎಳೆಯುವುದು ಹಾಲುಹಲ್ಲಿನ ಕರುಗಳ ಕಡೆಗೆ. ಅಲ್ಲಿ ನಿಂತ ಮುದುಕರ ಕಣ್ಣುಗಳನ್ನು ನೋಡಬೇಕು. ಸುಳಿ ಎಲ್ಲಿದೆ, ಗಂಗೆದೊಗಲು ಎಷ್ಟು, ಗೊರಸು ಬಿಗಿಯೋ ಬಿರಿಯೋ, ನಡೆವಾಗ ಹಿಂಗಾಲು ಮುಂಗಾಲಿನ ಹೆಜ್ಜೆಯ ಮೇಲೆಯೇ ಬೀಳುತ್ತದೋ ಇಲ್ಲವೋ. ಆಮೇಲೆ ಟವಲಿನ ಮರೆಯಲ್ಲಿ ದಳ್ಳಾಳಿಯ ಬೆರಳು ಹಿಡಿದು ಮಾತಿಲ್ಲದ ವ್ಯಾಪಾರ. ಕೊಂಡ ಕರು ಎರಡು ಹಲ್ಲಾಗಿ, ನಾಲ್ಕಾಗಿ, ಆರಾಗಿ, ಗಾಡಿ ಓಟಕ್ಕೋ ಜಾತ್ರೆಯ ಮೆರವಣಿಗೆಗೋ ನಿಲ್ಲುವ ಹೊತ್ತಿಗೆ ಕೊಂಡವನ ಮಗನಿಗೆ ಮೀಸೆ ಬಂದಿರುತ್ತದೆ. ಅಮೃತಮಹಲ್ ದನಗಳ ಇಲಾಖೆಗೆ ಬ್ರಿಟಿಷರ ಕಾಲದಲ್ಲಿ ನಮ್ಮ ಹುಣಸೂರೇ ಕೇಂದ್ರ. ಸೈನ್ಯದ ಫಿರಂಗಿ ಎಳೆಯಲು ಬೇಕಾದ ಎತ್ತುಗಳ ಲೆಕ್ಕ ಅಲ್ಲಿ ನಡೆಯುತ್ತಿತ್ತು. ಆ ತಳಿಯ ಎತ್ತಿಗೆ ಪೂರ್ಣ ಬಲ ಬರುವುದು ಏಳನೇ ವರ್ಷಕ್ಕೆ ಎಂದು ಹಳೆಯ ಮೈಸೂರು ಗೆಜೆಟಿಯರಿನಲ್ಲಿ ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸುಮ್ಮನೆ ಕೂತೆ. ಗ್ರ್ಯಾಂಡ್ ನ್ಯಾಷನಲ್‌ನ ಬಾಗಿಲು ತೆರೆಯುವುದೂ ಏಳಕ್ಕೇ. ಒಂದನ್ನೊಂದು ಕಾಣದ ಎರಡು ನೆಲದ ಜನ, ಎರಡು ಬೇರೆ ಪ್ರಾಣಿಗಳ ಮೈದಡವಿ, ಅದೇ ಸಂಖ್ಯೆಗೆ ಬಂದು ಮುಟ್ಟಿದ್ದಾರೆ.

ಪ್ರಾಣಿಯ ಪಾಡನ್ನು ಮರೆತು ಇದನ್ನೆಲ್ಲ ಹೊಗಳುವುದು ಸಲ್ಲದು. ಹಾರುವ ಕುದುರೆಗಳು ಬೀಳುತ್ತವೆ. ಬಿದ್ದವು ಕೆಲವು ಏಳುವುದಿಲ್ಲ. 2023ರ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಮೊದಲ ಬೇಲಿಯಲ್ಲೇ ಹಿಲ್ ಸಿಕ್ಸ್‌ಟೀನ್ ಎಂಬ ಕುದುರೆ ಸತ್ತಿತು. ಆ ದಿನ ರೇಸು ನಿಲ್ಲಿಸಬೇಕೆಂದು ಜನ ಮೈದಾನಕ್ಕೆ ನುಗ್ಗಿದ್ದರು. ಮರುವರ್ಷದಿಂದ ಓಡುವ ಕುದುರೆಗಳ ಸಂಖ್ಯೆಯನ್ನು 40ರಿಂದ 34ಕ್ಕೆ ಇಳಿಸಿದರು, ಮೊದಲ ಬೇಲಿಯನ್ನು ಸ್ಟಾರ್ಟಿಗೆ ಹತ್ತಿರ ತಂದು ವೇಗ ಏರುವ ಮೊದಲೇ ಬರುವಂತೆ ಮಾಡಿದರು. ನಮ್ಮಲ್ಲಿ ಕಂಬಳಕ್ಕೂ ಎತ್ತಿನಗಾಡಿ ಓಟಕ್ಕೂ ಅವಕಾಶ ಕೊಟ್ಟ ರಾಜ್ಯದ ಕಾನೂನನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಮೇ 18ರಂದು ಎತ್ತಿಹಿಡಿಯಿತು. ನನಗೆ ಆ ತೀರ್ಪು ಸಂತೋಷ ಕೊಟ್ಟಿತು. ಆದರೆ ಬಾಲ ತಿರುಚುವ, ಮುಳ್ಳು ಚುಚ್ಚುವ ಕೈಗಳನ್ನು ಓಟದ ಕಣದಲ್ಲಿ ಕಂಡಾಗ ಆ ಸಂತೋಷ ಉಳಿಯುವುದಿಲ್ಲ. ಒಂದು ಗಂಟೆಯ ಗೆಲುವಿಗೆ ಬಂದವನೇ ಚುಚ್ಚುವುದು. ಐದು ವರ್ಷ ಹಿಂಡಿ ಕಲಸಿ ಇಟ್ಟವನ ಕೈ ಹಾಗೆ ಏಳುವುದಿಲ್ಲ ಎಂದು ನಾನು ನಂಬಿದ್ದೇನೆ.

ಪಕ್ಕದ ಬೈಲಕುಪ್ಪೆಯ ಮಾತು ಬಿಟ್ಟರೆ ಕೊಪ್ಪದವನ ಬರಹ ಅರ್ಧವೇ ಸರಿ. 1961ರಲ್ಲಿ ಟಿಬೆಟನ್ನರಿಗೆ ಇಲ್ಲಿ ನೆಲೆ ಕೊಟ್ಟಾಗ ಅದು ಕಾಡು. ಅವರ ಮನೆ, ಮಠಗಳ ಸುತ್ತ ಸಾಲು ಸಾಲಾಗಿ ಕಟ್ಟಿದ ಐದು ಬಣ್ಣದ ಬಟ್ಟೆಗಳನ್ನು ಸ್ವರ್ಣದೇಗುಲ ನೋಡಲು ಬರುವ ಎಲ್ಲರೂ ಫೋಟೊ ತೆಗೆಯುತ್ತಾರೆ. ಹತ್ತಿರ ಹೋಗಿ ನೋಡಿದರೆ ಎಷ್ಟೋ ಬಟ್ಟೆಗಳ ನಡುವೆ ಒಂದು ಕುದುರೆ ಅಚ್ಚಾಗಿರುತ್ತದೆ, ಬೆನ್ನ ಮೇಲೆ ರತ್ನ ಹೊತ್ತದ್ದು. ಲುಂಗ್‌ತಾ, ಗಾಳಿಕುದುರೆ. ಗಾಳಿ ಬೀಸಿದಷ್ಟೂ ಅದು ಓಡುತ್ತದೆ, ಪ್ರಾರ್ಥನೆ ದೂರ ಮುಟ್ಟುತ್ತದೆ. ಮೆಕ್ಕೆಜೋಳದ ಹೊಲದ ಬದುವಿನಲ್ಲಿ ಪರಿಚಯವಾದ ಹಿರಿಯರೊಬ್ಬರು, ತಮ್ಮ ಕಡೆಯ ಬೇಸಿಗೆಯ ಕುದುರೆ ಓಟಗಳನ್ನು ಹರಕು ಕನ್ನಡದಲ್ಲಿ ನನಗೆ ವರ್ಣಿಸುತ್ತಿದ್ದರು. ಎತ್ತರದ ಹುಲ್ಲುಬಯಲು, ಬಣ್ಣದ ಡೇರೆಗಳು, ಓಡುವ ಕುದುರೆಯ ಮೇಲಿಂದ ಬಾಗಿ ನೆಲದ ಮೇಲಿನ ಬಿಳಿ ಬಟ್ಟೆಯನ್ನು ಎತ್ತಿಕೊಳ್ಳುವ ಸವಾರರು. ನಮ್ಮ ದೊಡ್ಡಪ್ಪ ಬದುಕಿದ್ದರೆ ಅವರಿಬ್ಬರನ್ನೂ ಎದುರುಬದುರು ಕೂರಿಸಬಹುದಿತ್ತು. "ಮತ್ತೆ ನೋಡ್ತೀರಾ ತಾತ?" ಎಂದು ಒಮ್ಮೆ ಕೇಳಿದೆ. "ನಾನಲ್ಲ, ಮೊಮ್ಮಗ," ಅಂದರು, ಹರಾಜಿನ ತಾರೀಖು ಹೇಳುವವರಷ್ಟು ನಿಶ್ಚಿತವಾಗಿ. ಅಷ್ಟು ದೂರಕ್ಕೆ ಮನಸ್ಸು ಕಟ್ಟಿ ಕೂತವರನ್ನು ನಾನು ಬೇರೆ ಕಂಡಿಲ್ಲ.

ಕರ್ನಾಟಕಕ್ಕೆ ಬೇಲಿ ಹಾರುವ ಕುದುರೆಯ ಹೆಮ್ಮೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಸೆನ್ಯೂರ್ ಮೆಡಿಕಾಟ್ ಎಂಬ ಕುದುರೆಯೊಡನೆ ಎರಡು ಬೆಳ್ಳಿ ಗೆದ್ದರು. ಅದೇ ಕುದುರೆಯೊಡನೆ ಟೋಕಿಯೊ ಒಲಿಂಪಿಕ್ಸಿನಲ್ಲಿ ಫೈನಲ್‌ವರೆಗೆ ಹೋದರು. ಕುದುರೆ ಸವಾರಿಯಲ್ಲಿ ಭಾರತದವರೊಬ್ಬರು ಒಲಿಂಪಿಕ್ಸಿಗೆ ಹೋಗಿದ್ದು ಸಿಡ್ನಿಯ ನಂತರ ಅದೇ ಮೊದಲು. ನಡುವೆ ಆ ಕುದುರೆ ಗಾಯಗೊಂಡು ಮಲಗಿತ್ತು. ಬೇರೆ ಕುದುರೆಗಳು ಕೈಯಲ್ಲಿದ್ದವು, ಆದರೂ ಕೊನೆಗೆ ಟೋಕಿಯೊಗೆ ಕರೆದೊಯ್ದದ್ದು ಚೇತರಿಸಿಕೊಂಡ ಅದನ್ನೇ. ಇದನ್ನು ಪೇಪರಿನಲ್ಲಿ ಓದಿದ ದಿನ, ದೊಡ್ಡಪ್ಪನಿಗೆ ಹೇಳಬೇಕಿತ್ತು ಅನ್ನಿಸಿ ಗಂಟಲು ಕಟ್ಟಿತು.

ಈಗ ನಮ್ಮ ಮನೆಯ ಸಮಾಚಾರ. ತಂಗಿಯ ಮಗ ಡಿಪ್ಲೊಮಾ ಮುಗಿಸಿ ಮೈಸೂರಿನಲ್ಲಿ ಕೆಲಸ ಹಿಡಿದು, ಅದನ್ನು ಬಿಟ್ಟು ಊರಿಗೆ ಬಂದಿದ್ದಾನೆ. ಟ್ರ್ಯಾಕ್ಟರ್ ತರೋಣ ಎಂದು ಭಾವನ ಆಲೋಚನೆ. ಇವನು ಚುಂಚನಕಟ್ಟೆಗೆ ಹೋಗಿ ಒಂದು ಜೊತೆ ಹಳ್ಳಿಕಾರ್ ಕರು ಹಿಡಿದುಕೊಂಡು ಬಂದ. ಮನೆಯಲ್ಲಿ ಒಂದು ವಾರ ಯಾರೂ ಅವನ ಜೊತೆ ಸರಿಯಾಗಿ ಮಾತಾಡಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಹುರುಳಿ ಬೇಯಿಸಿ ರುಬ್ಬಿ ಇಡುತ್ತಾನೆ. ಹೊಳೆಗೆ ಹೊಡೆದುಕೊಂಡು ಹೋಗಿ ತೊಳೆದು ತರುತ್ತಾನೆ. ಟೀ ಅಂಗಡಿಯ ಬೆಂಚಿನವರು ಅವನ ಓರಗೆಯವರೇ. ಕರೆದರೆ, "ಬತ್ತೀನಿ ಇರ್ರಪ್ಪಾ, ಕರ ತಿಂದಿಲ್ಲ ಇನ್ನೂ," ಅನ್ನುತ್ತಾನೆ. ಅಕ್ಕಪಕ್ಕದ ಹಳ್ಳಿಯವರು ಆಗಲೇ ಬಂದು ಒಳ್ಳೆಯ ಬೆಲೆ ಕೇಳಿಹೋಗಿದ್ದಾರೆ. ಕೊಡಲಿಲ್ಲ.

ಕರುಗಳಿಗೆ ಈಗ ಎರಡು ಹಲ್ಲಾಗಿದೆ. ನಾನು ವಾರಕ್ಕೊಂದು ಸಲ ಹೋಗಿ, ಅವನು ಅವುಗಳನ್ನು ನಡೆಸುವುದನ್ನು ಹಿಂದಿನಿಂದ ನೋಡುತ್ತೇನೆ. ಎಡಗಡೆಯದು ಬಲಗಡೆಯದಕ್ಕಿಂತ ಹೆಜ್ಜೆ ಚಿಕ್ಕದಾಗಿ ಹಾಕುತ್ತದೆ, ಜೋಡಿ ಓಟಕ್ಕೆ ಸಾಲದು, ಈಗಲೇ ಬದಲಾಯಿಸು ಎಂಬುದು ನನ್ನ ಅಭಿಪ್ರಾಯ. ಅವನು ಒಪ್ಪುವುದಿಲ್ಲ. ಅದು ಚಿಕ್ಕ ಹೆಜ್ಜೆಯಲ್ಲವಂತೆ, ಭಾರ ಬಿದ್ದರೆ ಉದ್ದವಾಗುವ ಹೆಜ್ಜೆಯಂತೆ. ಬಲಗಡೆಯದೇ ಆಮೇಲೆ ಹಿಂದೆ ಬೀಳುತ್ತದಂತೆ. ನಾನು ಗೊರಸು ತೋರಿಸಿದೆ, ಅವನು ಪಕ್ಕೆ ತೋರಿಸಿದ. ಬಾಗಿಲಲ್ಲಿ ನಿಂತ ತಂಗಿ ಇಬ್ಬರನ್ನೂ ಊಟಕ್ಕೆ ಕರೆದು ಕರೆದು ಸಾಕಾಗಿ ಒಳಗೆ ಹೋದಳು. "ನಾಕು ಹಲ್ಲು ಬರ್ಲಿ ಮಾವ, ಆಮೇಲೆ ಹೇಳೀರಂತೆ," ಅಂದ.